ಪ್ಯಾಕೆಟ್ಟಿನ ಮೇಲಿನ ಹುಂಜದ ಒಪ್ಪಿಗೆ ಪಡೆಯುವ ಕುರಿತು

ಗುರುತು, ಚಿಹ್ನೆ ಹಾಗೂ ತತ್ಸಂಬಂಧಿ ತಕರಾರುಗಳ ಇಲಾಖೆ
ಬಂಟ್ವಾಳ – ಬೆಳ್ತಂಗಡಿ – ಮೂಡುಬಿದಿರೆ ಉಪವಲಯ
ಶಿಬಿರ: ಬಂಟ್ವಾಳ

ಸಂಖ್ಯೆ: ಗುಚಿತ/ಉವ/ಕೋಳಿ/ಒಪ್ಪಿಗೆ/07

ಸುತ್ತೋಲೆ

ವಿಷಯ: ವ್ಯಾಪಾರ ಚಿಹ್ನೆಯ ನೋಂದಣಿ ಅರ್ಜಿಗಳಲ್ಲಿ ಕಂಡುಬರುವ ನ್ಯೂನತೆಗಳಿಗೆ ಉತ್ತರಿಸಬೇಕಾದ ಕ್ರಮ, ವಿಶೇಷವಾಗಿ, ಚಿಹ್ನೆಯಲ್ಲಿರುವ ಹುಂಜವು ಅರ್ಜಿ ಬಾಕಿ ಇರುವಾಗಲೇ ಸಾರಾಗಿ ಹೋದಲ್ಲಿ ಅನುಸರಿಸಬೇಕಾದ ವಿಧಾನ.

ಉಲ್ಲೇಖ: 1) ಪುಂಜಾಲಕಟ್ಟೆಯ ಶ್ರೀಮತಿ ಪ್ರೇಮಾವತಿ ಇವರ ಅರ್ಜಿ.
2) ಸದರಿ ಅರ್ಜಿಗೆ ಪರೀಕ್ಷಕರು ಎತ್ತಿದ ಆಕ್ಷೇಪಣೆಗಳು.
3) ಸದರಿ ಆಕ್ಷೇಪಣೆಗಳಿಗೆ ಶ್ರೀಮತಿ ಪ್ರೇಮಾವತಿ ದೂರವಾಣಿಯಲ್ಲಿ ನೀಡಿದ ಉತ್ತರ (ಕಡತದಲ್ಲಿ ಬರೆಯಲು ಯೋಗ್ಯವಾದಷ್ಟು ಮಾತ್ರ).

* * *

1. ಆಕ್ಷೇಪಣಾ ಪತ್ರ ತಲುಪಿದ ಕೂಡಲೇ ಅರ್ಜಿದಾರರು ಉತ್ತರ ಬರೆಯುವ ಬದಲು ಸಿಟ್ಟು ಮಾಡಿಕೊಳ್ಳುತ್ತಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಸಿಟ್ಟನ್ನು ಉತ್ತರವೆಂದು ಸ್ವೀಕರಿಸಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ. ಆದುದರಿಂದ ಶ್ರೀಮತಿ ಪ್ರೇಮಾವತಿ ಇವರ ಪ್ರಕರಣವನ್ನು ಮೊದಲಿಂದ ಕೊನೆಯವರೆಗೆ ವಿವರಿಸಿ, ಅದರಿಂದ ಎಲ್ಲರೂ ಪಾಠ ಕಲಿಯುವಂತೆ ಈ ಮೂಲಕ ಸೂಚಿಸಲಾಗಿದೆ.

2. ಸದರಿ ಪ್ರೇಮಾವತಿಯವರು ಪುಂಜಾಲಕಟ್ಟೆಯಲ್ಲಿ ತಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನೆರೆಕರೆಯ ಹೆಂಗಸರನ್ನು ಸೇರಿಸಿಕೊಂಡು ಕೋರಿ ರೊಟ್ಟಿ ಮಾಡುತ್ತಾರೆ. ಕುಚ್ಚಲಕ್ಕಿ ಅರೆದ ಹಿಟ್ಟನ್ನು ಕಾದ ಕಾವಲಿಯ ಮೇಲೆ ತೆಳ್ಳಗೆ ಹರಡಿ, ಗರಿಗರಿಯಾಗುವವರೆಗೆ ಕಾಯಿಸಿ ತೆಗೆಯುವ ಈ ರೊಟ್ಟಿಯನ್ನು ಬಟ್ಟಲಲ್ಲಿ ಮುರಿದು, ಮೇಲಿಂದ ಕೋಳಿ ಸಾರು ಹೊಯ್ದು ತಿನ್ನುವುದು ಈ ಸೀಮೆಯ ಕ್ರಮ. ಪ್ಯಾಕೆಟ್ಟಿನ ಮೇಲೆ ಕತ್ತೆತ್ತಿ ನಿಂತ ಒಂದು ಬಿಳಿ ಹುಂಜದ ಚಿತ್ರವಿರುತ್ತದೆ. ಪ್ಯಾಕೆಟ್ಟಿಗೆ ಒಂದು ಹೆಸರೂ ಇದೆ, ಆದರೆ ಅದನ್ನು ಈವರೆಗೆ ಯಾರೂ ಓದಿದ ದಾಖಲೆ ಇಲ್ಲ. ಈ ಬಗ್ಗೆ ಪುಂಜಾಲಕಟ್ಟೆ ಪೇಟೆಯ ಅಂಗಡಿ ಮಾಲಕ ಶ್ರೀ ಉಮ್ಮರ್ ಇವರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಹೆಸರು ಯಾರು ಓದ್ತಾರೆ ಮಾರಾಯ್ರೆ? ಬಿಳಿ ಹುಂಜದ ರೊಟ್ಟಿ ಕೊಡಿ ಅಂತಾರೆ, ನಾನು ಕೊಡ್ತೇನೆ. ಅಷ್ಟೇ.”

3. ಹೀಗಿರುತ್ತಾ, ಮೆಲ್ಕಾರಿನ ಒಬ್ಬ ವ್ಯಾಪಾರಿ ಅದೇ ಹುಂಜವನ್ನು ಎಡಕ್ಕೆ ತಿರುಗಿಸಿ ತನ್ನ ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಿಸಿರುತ್ತಾನೆ. ಆತನ ರೊಟ್ಟಿ ದಪ್ಪ. ಸಾರು ಬಿದ್ದರೆ ಗಂಜಿಯಾಗುತ್ತದೆ. ಗಂಜಿ ತಿಂದವರು ಮೆಲ್ಕಾರಿಗೆ ಹೋಗಿ ಕೇಳುವುದಿಲ್ಲ, ಪ್ರೇಮಾವತಿಯವರಿಗೆ ಬಯ್ಯುತ್ತಾರೆ. ಮೂಡುಬಿದಿರೆಯ ಒಂದು ಮದುವೆ ಮನೆಯಲ್ಲಿ ಹತ್ತು ಜನರ ಎದುರು, “ಎಂತ ಪ್ರೇಮಕ್ಕಾ, ಈಗೀಗ ಕೈ ದಪ್ಪ ಆಯ್ತಾ ನಿಮ್ಮದು?” ಎಂದು ಯಾರೋ ಕೇಳಿದಾಗ, ಸದರಿಯವರು ಅರ್ಧ ಊಟಕ್ಕೇ ಎಲೆ ಮಡಚಿ ಎದ್ದಿರುತ್ತಾರೆ. ಮಾಡದ ತಪ್ಪಿಗೆ ಮಾತು ಕೇಳುವುದು ಎಷ್ಟು ಉರಿಯುವ ಸಂಗತಿ ಎಂಬುದನ್ನು ಅಳೆಯಲು ಇಲಾಖೆಯಲ್ಲಿ ಸಾಧನವಿರುವುದಿಲ್ಲ.

4. ಮರುದಿನವೇ ಅವರ ಮಗಳು ಕುಮಾರಿ ಜ್ಯೋತ್ಸ್ನಾ, ಹುಂಜದ ಚಿತ್ರವನ್ನು ತಾಯಿಯ ಹೆಸರಿಗೆ ನೋಂದಾಯಿಸುವಂತೆ ಮೊಬೈಲಿನಲ್ಲೇ ಅರ್ಜಿ ಸಲ್ಲಿಸಿದರು. ಮೆಲ್ಕಾರಿನ ವ್ಯಾಪಾರಿಯ ಅರ್ಜಿಯೂ ಬೆನ್ನಿಗೇ ಬಂದು ಸರತಿಯಲ್ಲಿ ನಿಂತಿತು. ಆಕ್ಷೇಪಣೆಗಳಿಗೆ ಗಡುವಿನೊಳಗೆ ಸರಿಯಾದ ಉತ್ತರ ಬಾರದಿದ್ದರೆ ಪ್ರೇಮಾವತಿಯವರ ಅರ್ಜಿಯನ್ನು ಕೈಬಿಟ್ಟದ್ದೆಂದು ಭಾವಿಸಿ, ಹಿಂದಿನವರನ್ನು ಮುಂದೆ ಕರೆಯಲಾಗುವುದು. ಹಾಗಾದಲ್ಲಿ ಅವರದೇ ಹುಂಜವನ್ನು ಅವರೇ ಹಾಕಿಕೊಳ್ಳುವುದು ಅಪರಾಧವಾಗುತ್ತದೆ. ಇದರಲ್ಲಿ ಇಲಾಖೆಗೆ ಯಾವುದೇ ವೈಯಕ್ತಿಕ ದ್ವೇಷವಿರುವುದಿಲ್ಲ.

5. ಅರ್ಜಿಯನ್ನು ಪರಿಶೀಲಿಸಿದ ಪರೀಕ್ಷಕ ಶ್ರೀ ಗಣೇಶಪ್ರಸಾದ್ ಇವರ ಮನೆಯ ಹೊಸಿಲನ್ನು ಇಂದಿನವರೆಗೆ ಮೊಟ್ಟೆ ಸಹ ದಾಟಿರುವುದಿಲ್ಲ. ಆದಾಗ್ಯೂ ಅವರು ಕರ್ತವ್ಯಪ್ರಜ್ಞೆಯಿಂದ ಈ ಕೆಳಗಿನ ಆಕ್ಷೇಪಣೆಗಳನ್ನು ಎತ್ತಿರುತ್ತಾರೆ:

(ಅ) ಕೋರಿ ಎಂದರೆ ಕೋಳಿ. ಕೋರಿ ರೊಟ್ಟಿಯ ಪ್ಯಾಕೆಟ್ಟಿನ ಮೇಲೆ ಕೋಳಿಯ ಚಿತ್ರ ಹಾಕುವುದು ಸರಕಿನ ವರ್ಣನೆಯೇ ಆಗಿದ್ದು, ವಿಶೇಷವೇನೂ ಇರುವುದಿಲ್ಲ.

(ಆ) ಪ್ಯಾಕೆಟ್ಟನ್ನು ಬಿಡಿಸಿ ನೋಡಲಾಗಿ, ಒಳಗೆ ಕೋಳಿ ಕಂಡುಬಂದಿರುವುದಿಲ್ಲ. ಸಸ್ಯಾಹಾರದ ಹಸಿರು ಚುಕ್ಕಿ ಮಾತ್ರ ಕಂಡುಬಂದಿರುತ್ತದೆ. ಆದುದರಿಂದ ಕೋಳಿಯ ಚಿತ್ರವು ಸರಕಿಗೆ ಏನೇನೂ ಸಂಬಂಧಪಡದೆ ಸಾರ್ವಜನಿಕರ ದಾರಿ ತಪ್ಪಿಸುತ್ತದೆ.

(ಇ) ಚಿತ್ರದಲ್ಲಿರುವವರ ಲಿಖಿತ ಒಪ್ಪಿಗೆಯನ್ನು ಲಗತ್ತಿಸಿರುವುದಿಲ್ಲ.

6. (ಅ) ಮತ್ತು (ಆ) ಪರಸ್ಪರ ಹೊಡೆದಾಡುತ್ತವೆ ಎಂದು ಅರ್ಜಿದಾರರು ದೂರವಾಣಿಯಲ್ಲಿ ತಿಳಿಸಿರುತ್ತಾರೆ. ಇದು ಇಲಾಖೆಗೆ ಗೊತ್ತಿರುವ ವಿಷಯ. ಹೊಡೆದಾಡುವ ಆಕ್ಷೇಪಣೆಗಳಿಗೆ ಒಂದೇ ಹಾಳೆಯಲ್ಲಿ ಉತ್ತರಿಸತಕ್ಕದ್ದಲ್ಲ. ಬೇರೆ ಬೇರೆ ಹಾಳೆಗಳಲ್ಲಿ, ಒಂದರ ಮುಖ ಇನ್ನೊಂದಕ್ಕೆ ಕಾಣದಂತೆ ಮಡಚಿ ಸಲ್ಲಿಸತಕ್ಕದ್ದು.

7. ಮಾದರಿಯಾಗಿ ಕಳುಹಿಸಿದ ರೊಟ್ಟಿಯು ಪುಂಜಾಲಕಟ್ಟೆಯಿಂದ ಬಂಟ್ವಾಳದವರೆಗಿನ ಬಸ್ಸಿನಲ್ಲಿ ಮುರಿದುಹೋದ ಕಾರಣ ಅದನ್ನು ಹಿಂದಿರುಗಿಸಲಾಯಿತು. “ಅದು ಮುರಿದೇ ತಿನ್ನುವುದು ಸಾರ್” ಎಂಬ ಅರ್ಜಿದಾರರ ವಾದವನ್ನು ಪರಿಶೀಲಿಸಲಾಗಿದೆ. ಇನ್ನು ಮುಂದೆ ಮಾದರಿಯನ್ನು ಇಡಿಯಾಗಿ ಸಲ್ಲಿಸತಕ್ಕದ್ದು. ಮುರಿಯುವ ಅಧಿಕಾರ ಪರೀಕ್ಷಕರಿಗೆ ಮಾತ್ರ ಇರುತ್ತದೆ. ಹಿಂದಿರುಗಿಸಿದ ರೊಟ್ಟಿ ಕಳುಹಿಸಿದ್ದಕ್ಕಿಂತ ಕಡಿಮೆ ಇತ್ತೆಂಬ ದೂರಿಗೆ ಸಂಬಂಧಿಸಿದಂತೆ ಪ್ರತ್ಯೇಕ ಕಡತ ತೆರೆಯಲಾಗಿದೆ.

8. ಇನ್ನು ಒಪ್ಪಿಗೆಯ ವಿಷಯ. ಅರ್ಜಿಯಲ್ಲಿ “ಚಿತ್ರದಲ್ಲಿ ಯಾರಾದರೂ ಇದ್ದಲ್ಲಿ ಅವರ ಹೆಸರು ಮತ್ತು ವಿಳಾಸ” ಎಂಬ ಅಂಕಣವಿದೆ. ಚಿತ್ರದಲ್ಲಿ ಹುಂಜವಿರುವ ಅರ್ಜಿದಾರರು ಅದನ್ನು ಖಾಲಿ ಬಿಡಬೇಕು. ಆದರೆ ಕೋಳಿ ಅಂಕಕ್ಕೆ, ಅಂದರೆ ಹುಂಜಗಳ ಕಾಳಗಕ್ಕೆ, ಸಾಕಿದ ಹುಂಜವನ್ನು ಬಣ್ಣ ನೋಡಿ ಹೆಸರಿಟ್ಟು, ಮನೆಯ ಗಂಡುಮಗನಂತೆ ಮಾತಾಡಿಸುವುದು ಈ ಭಾಗದ ರೂಢಿ, ಬಿಳಿಯದಾದರೆ ಬೊಳ್ಳೆ. ಅಂಗಳದಲ್ಲಿ ಬೊಳ್ಳೆ ಉಂಡನಾ, ಬೊಳ್ಳೆ ಮಲಗಿದನಾ ಎಂದು ಕೇಳುತ್ತಲೇ ಬೆಳೆದ ಜ್ಯೋತ್ಸ್ನಾ ಒಂದು ಕ್ಷಣವೂ ಯೋಚಿಸದೆ ಸದರಿ ಅಂಕಣದಲ್ಲಿ “ಬೊಳ್ಳೆ, ಭೋಜ ಮಾವನ ಮನೆ, ಪುಂಜಾಲಕಟ್ಟೆ” ಎಂದು ತುಂಬಿರುತ್ತಾರೆ. ಭೋಜ ಎಂಬವರು ಪ್ರೇಮಾವತಿಯವರ ತಮ್ಮ. ಚಿತ್ರದಲ್ಲಿರುವ ಹುಂಜ ಅವರದು.

9. ಇಲಾಖೆಯು ತಡಮಾಡದೆ “ಶ್ರೀ ಬೊಳ್ಳೆ” ಇವರಿಗೆ ನೋಂದಾಯಿತ ಅಂಚೆಯಲ್ಲಿ ನೋಟೀಸು ಕಳುಹಿಸಿತು. ಅದು “ವಿಳಾಸದಾರರು ಸೋತು ನಾರಾವಿಗೆ ಹೋಗಿದ್ದಾರೆ” ಎಂಬ ಷರಾದೊಂದಿಗೆ ವಾಪಸು ಬಂತು. ನಾರಾವಿಗೆ ಕಳುಹಿಸಲಾಗಿ, “ವಿಳಾಸದಾರರು ಮುಗಿದಿದ್ದಾರೆ” ಎಂಬ ಷರಾ ಬಂತು. ಮುಗಿದಿದ್ದಾರೆ ಎಂಬುದು ಅಂಚೆ ನಿಯಮಗಳಲ್ಲಿ ಇಲ್ಲದ ಪದವಾದ್ದರಿಂದ ಸ್ಪಷ್ಟೀಕರಣ ಕೋರಲಾಯಿತು. ನಾರಾವಿಯವರು ಸ್ಪಷ್ಟೀಕರಣದ ಜೊತೆ ಸಾರಿನ ಪಾಕವಿಧಾನವನ್ನೂ ಕಳುಹಿಸಿಕೊಟ್ಟಿರುತ್ತಾರೆ.

10. ಕೋಳಿ ಅಂಕವು ನಿಷಿದ್ಧವಾಗಿರುವುದರಿಂದ ಅದು ನಡೆದಿರುವುದಿಲ್ಲ. ನಡೆಯದ ಸದರಿ ಅಂಕದಲ್ಲಿ ಶ್ರೀ ಭೋಜ ಇವರ ಬೊಳ್ಳೆಯು ನಾರಾವಿಯ ಶ್ರೀ ರುಕ್ಮಯ್ಯ ಇವರ ಹುಂಜದ ಎದುರು ಸೋತಿರುತ್ತದೆ. ಸೋತ ಹುಂಜ ಗೆದ್ದವರ ಪಾಲು ಎಂಬ ರೂಢಿಯಂತೆ ರುಕ್ಮಯ್ಯನವರು ಬೊಳ್ಳೆಯನ್ನು ಕಾಲು ಹಿಡಿದು ಮನೆಗೊಯ್ದು, ಸಂಸಾರ ಸಮೇತ ಊಟ ಮಾಡಿರುತ್ತಾರೆ. ಯಾವ ರೊಟ್ಟಿಯೊಂದಿಗೆ ಎಂಬ ಪ್ರಶ್ನೆಗೆ, “ಪ್ರೇಮಕ್ಕನದ್ದೇ, ಮತ್ತೆ ಯಾರದ್ದು?” ಎಂದು ಉತ್ತರಿಸಿರುತ್ತಾರೆ. ಚಿಹ್ನೆಯನ್ನು ಸರಕಿನ ಜೊತೆ ಬಳಸಿದ್ದಕ್ಕೆ ಇದಕ್ಕಿಂತ ಬಲವಾದ ಪುರಾವೆ ಈ ಉಪವಲಯದಲ್ಲಿ ಹಿಂದೆಂದೂ ಸಲ್ಲಿಕೆಯಾಗಿರುವುದಿಲ್ಲ.

11. ಚಿತ್ರದಲ್ಲಿರುವವರು ತೀರಿಕೊಂಡಿದ್ದರೆ ವಾರಸುದಾರರ ಒಪ್ಪಿಗೆ ಬೇಕು. ಬೊಳ್ಳೆಯ ವಾರಸುದಾರರು ಸಾಕಿದವರೋ ತಿಂದವರೋ ಎಂಬ ಪ್ರಶ್ನೆ ಉದ್ಭವಿಸಿದ್ದರಿಂದ ಒಂದೇ ಕಾಗದದಲ್ಲಿ ಇಬ್ಬರ ಸಹಿಯೂ ಬೇಕೆಂದು ತೀರ್ಮಾನಿಸಿ, ಇಬ್ಬರ ಹೇಳಿಕೆಯನ್ನೂ ಪಡೆಯಲಾಯಿತು.

ಶ್ರೀ ಭೋಜ: “ಸೋತದ್ದು ಕೋಳಿ, ಫೋಟೋ ಅಲ್ಲ. ಫೋಟೋ ತೆಗೆದದ್ದು ನನ್ನ ಅಂಗಳದಲ್ಲಿ. ನಾನೇ ಸೈ ಹಾಕುವುದು. ರುಕ್ಮಯ್ಯ ಹಾಕಿದ ಕಾಗದಕ್ಕೆ ನಾನು ಹಾಕುವುದಿಲ್ಲ.”

ಶ್ರೀ ರುಕ್ಮಯ್ಯ: “ಮುಖ ಬಿಟ್ಟು ಕೋಳಿ ಕೊಟ್ಟದ್ದಾ ಅವರು? ನಂಗೆ ಪ್ರೇಮಕ್ಕನ ಮೇಲೆ ಕೋಪ ಇಲ್ಲ. ಒಪ್ಪಿಗೆ ಕೊಡ್ತೇನೆ. ಫೋಟೋದ ಅಡಿಯಲ್ಲಿ ‘ನಾರಾವಿ ರುಕ್ಮಯ್ಯನ ಹುಂಜಕ್ಕೆ ಸೋತದ್ದು’ ಅಂತ ಸಣ್ಣಕ್ಕೆ ಹಾಕಿದ್ರೆ ಸಾಕು.”

ಸೋತ ಕೋಳಿಯೆಂದು ಬರೆದ ಪ್ಯಾಕೆಟ್ಟನ್ನು ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ ಎಂದು ಪ್ರೇಮಾವತಿಯವರು ರುಕ್ಮಯ್ಯನವರನ್ನು ಬೇಡಿಕೊಂಡರು, ತಮ್ಮನನ್ನು ಬೇಡಿಕೊಂಡರು. ತಮ್ಮನು ಅಕ್ಕನ ಜೊತೆ ಮಾತು ಬಿಟ್ಟ. ರುಕ್ಮಯ್ಯನವರು ಅಕ್ಷರದ ಗಾತ್ರದಲ್ಲಿ ಮಾತ್ರ ರಿಯಾಯಿತಿ ತೋರಿದರು. ಗಡುವು ಹತ್ತಿರ ಬಂತು. ಕಾವಲಿಯ ಎದುರು ಕೂತರೂ ಅವರ ಮನಸ್ಸು ಮೆಲ್ಕಾರಿನಲ್ಲಿರುತ್ತಿತ್ತು, ಆ ವಾರ ಕೆಲವು ರೊಟ್ಟಿಗಳು ಸೀದುಹೋಗಿರುತ್ತವೆ.

12. ಸಿಬ್ಬಂದಿಗೆ ಸೂಚನೆ: ಇನ್ನು ಮುಂದೆ ಚಿಹ್ನೆಯಲ್ಲಿ ಪ್ರಾಣಿ ಪಕ್ಷಿಗಳಿದ್ದಲ್ಲಿ ಅವು ಜೀವಂತವಿವೆಯೇ, ಸೋತಿವೆಯೇ, ಬೆಂದಿವೆಯೇ ಎಂಬುದನ್ನು ಖುದ್ದು ಸ್ಥಳಕ್ಕೆ ಹೋಗಿ ಪರಿಶೀಲಿಸತಕ್ಕದ್ದು. ಬೆಂದಿದ್ದಲ್ಲಿ ಊಟದ ಹೊತ್ತಿಗೆ ಹೋಗತಕ್ಕದ್ದಲ್ಲ. ಮೀನಿನ ಚಿತ್ರವಿರುವ ಅರ್ಜಿಗಳನ್ನು ಮುಂದಿನ ಆದೇಶದವರೆಗೆ ತೆರೆಯತಕ್ಕದ್ದಲ್ಲ.

13. ಗಡುವಿನ ಕೊನೆಯ ದಿನ ವಿಚಾರಣೆಗೆ ಪ್ರೇಮಾವತಿಯವರು ಮಗಳೊಂದಿಗೆ ಶಿಬಿರ ಕಚೇರಿಗೆ ಹಾಜರಾದರು. ಅವರ ಮುಂಗೈಯಲ್ಲಿ ಕಾವಲಿ ತಾಗಿ ಸುಟ್ಟ ಕಲೆಗಳು ಕಂಡುಬಂದವು. ಒಪ್ಪಿಗೆ ಪತ್ರ ಎಲ್ಲಿ ಎಂದು ಉಪನಿಬಂಧಕರು ಕೇಳಲಾಗಿ, ಅವರು ಈ ಕೆಳಗಿನಂತೆ ನುಡಿದಿರುತ್ತಾರೆ. ಬರೆದುಕೊಳ್ಳಬೇಡಿ ಎಂದು ಅವರು ಹೇಳದ ಕಾರಣ ಬರೆದುಕೊಳ್ಳಲಾಗಿದೆ:

“ಬೊಳ್ಳೆ ಒಂದು ದಿನ ಹಿಟ್ಟು ಅರೆದದ್ದಿಲ್ಲ ಸಾರ್. ನನ್ನ ತಮ್ಮ ಕಾವಲಿ ಮುಟ್ಟಿದವನಲ್ಲ. ರುಕ್ಮಯ್ಯಣ್ಣ ತಿಂದದ್ದು ಮಾತ್ರ. ನೀವು ಅವರ ಮನೆಗೆಲ್ಲ ಕಾಗದ ಕಳಿಸಿ ಒಪ್ಪಿಗೆ ಉಂಟಾ, ಒಪ್ಪಿಗೆ ಉಂಟಾ ಅಂತ ಕೇಳಿದ್ರಿ. ಸತ್ತ ಕೋಳಿಯನ್ನೂ ಕೇಳಿದ್ರಿ. ರೊಟ್ಟಿ ಮಾಡುವವಳನ್ನು ಒಬ್ಬರಾದ್ರೂ ಕೇಳಿದ್ದುಂಟಾ?”

ಈ ಪ್ರಶ್ನೆಗೆ ಉತ್ತರಿಸಲು ಇಲಾಖೆಗೆ ಗಡುವು ನಿಗದಿಯಾಗಿರುವುದಿಲ್ಲ.

14. ತದನಂತರ ಅರ್ಜಿದಾರರು ಮೇಜಿನ ಮೇಲಿದ್ದ ಪ್ಯಾಕೆಟ್ಟಿನ ಮೇಲೆ ಕೈಯಿಟ್ಟು, “ಈ ಕೋಳಿಯನ್ನು ತೆಗೀರಿ. ನನ್ನ ಮುಖ ಹಾಕ್ತೇನೆ” ಎಂದರು. ಮಗಳಿಗೆ ಗಾಬರಿಯಾಯಿತು. “ಅಮ್ಮಾ, ಮದುವೆ ಆಲ್ಬಮ್ಮಿನಲ್ಲೂ ನೀವು ಯಾರದ್ದಾದ್ರೂ ಹಿಂದೆ ನಿಂತದ್ದೇ ಅಲ್ವಾ?” ಎಂದಳು. “ಈಗ ಮುಂದೆ ಬರ್ತೇನೆ. ಕೋಳಿ ಬೇಕಾದವರು ಹಾಕಿಕೊಳ್ಳಲಿ. ನನ್ನ ಮುಖ ಹಾಕುವ ಧೈರ್ಯ ಯಾರಿಗುಂಟು, ನೋಡುವ” ಎಂದು ಅರ್ಜಿದಾರರು ಉತ್ತರಿಸಿದರು. ಕಚೇರಿಯ ವರಾಂಡದಲ್ಲಿ, ಬಣ್ಣ ಮಾಸಿದ ಗೋಡೆಯೆದುರು ಅವರನ್ನು ನಿಲ್ಲಿಸಿ ಮಗಳು ಮೊಬೈಲಿನಲ್ಲಿ ಚಿತ್ರ ತೆಗೆದಳು.

15. ಸದರಿ ಚಿತ್ರವನ್ನು ಪರಿಶೀಲಿಸಲಾಗಿದೆ. ಅರ್ಜಿದಾರರು ಅದರಲ್ಲಿ ನಗುತ್ತಿಲ್ಲ. ಗ್ರಾಹಕರು ಹೆದರಬಹುದು ಎಂದು ಪರೀಕ್ಷಕರು ಟಿಪ್ಪಣಿ ಬರೆದಿದ್ದು, ಹಾಗೆ ಹೆದರಿಸುವ ಇನ್ನೊಂದು ಮುಖ ಈ ಸರಕಿನ ವರ್ಗದಲ್ಲಿ ಇಲ್ಲದಿರುವುದರಿಂದ ಇದನ್ನೇ ಚಿಹ್ನೆಯ ವೈಶಿಷ್ಟ್ಯವೆಂದು ಪರಿಗಣಿಸಲಾಗಿದೆ. ಆಕ್ಷೇಪಣೆ (ಅ) ಮತ್ತು (ಆ) ಇವುಗಳನ್ನು ಕೈಬಿಡಲಾಗಿದೆ. ಮೂಲ ಅರ್ಜಿಯ ಸರತಿಯಲ್ಲೇ ಚಿತ್ರವನ್ನು ಬದಲಿಸಲು ವಿಶೇಷ ಪ್ರಕರಣವೆಂದು, ಹಾಗೂ ಅರ್ಜಿದಾರರು ಕಚೇರಿಯಿಂದ ಎದ್ದುಹೋಗಲು ನಿರಾಕರಿಸಿದ್ದರಿಂದ, ಅನುಮತಿಸಲಾಗಿದೆ.

16. ಆದರೆ ಆಕ್ಷೇಪಣೆ (ಇ) ಯಥಾಪ್ರಕಾರ ಉಳಿಯುತ್ತದೆ. ಚಿತ್ರದಲ್ಲಿರುವವರು ಜೀವಂತ ವ್ಯಕ್ತಿಯಾದ್ದರಿಂದ, ಅರ್ಜಿದಾರರಾದ ಶ್ರೀಮತಿ ಪ್ರೇಮಾವತಿಯವರು ಚಿತ್ರದಲ್ಲಿರುವ ಶ್ರೀಮತಿ ಪ್ರೇಮಾವತಿಯವರಿಂದ ಲಿಖಿತ ಒಪ್ಪಿಗೆ ಪಡೆದು ಸಲ್ಲಿಸುವಂತೆ ಸೂಚಿಸಲಾಯಿತು. ಎರಡನೆಯವರಿಗೆ ಯೋಚಿಸಲು ಕಾಲಾವಕಾಶ ಬೇಕೇ ಎಂದು ವಿಚಾರಿಸಲಾಗಿ, “ಇಷ್ಟು ವರ್ಷ ಯೋಚಿಸಿದ್ದು ಸಾಕು ಸಾರ್. ಎಲ್ಲಿ ಸೈ ಹಾಕಬೇಕು?” ಎಂದು ಕೇಳಿ, ತೋರಿಸಿದಲ್ಲಿ ಎರಡೂ ಕಡೆ ಸಹಿ ಮಾಡಿರುತ್ತಾರೆ.

17. ಒಪ್ಪಿಗೆ ಪತ್ರದ ಕೊನೆಯಲ್ಲಿ “ಒಪ್ಪಿಗೆ ನೀಡುವವರಿಗೂ ಅರ್ಜಿದಾರರಿಗೂ ಇರುವ ಸಂಬಂಧ” ಎಂಬ ಕಡ್ಡಾಯ ಅಂಕಣವಿರುತ್ತದೆ. ಅರ್ಜಿದಾರರು ಪೆನ್ನು ಕೆಳಗಿಟ್ಟರು. ಮೊಬೈಲಿನಲ್ಲಿದ್ದ ತಮ್ಮ ಚಿತ್ರವನ್ನು ಮಗಳಿಂದ ಇನ್ನೊಮ್ಮೆ ಕೇಳಿ ನೋಡಿದರು. ಆಮೇಲೆ “ಇವತ್ತು ಪರಿಚಯ ಆಯಿತು” ಎಂದು ಬರೆದುಕೊಟ್ಟರು. ಸದರಿ ಉತ್ತರವನ್ನು ಯಾವುದೇ ಆಕ್ಷೇಪಣೆಯಿಲ್ಲದೆ ಅಂಗೀಕರಿಸಲಾಗಿದೆ.

(ಸಹಿ/-)
ಉಪನಿಬಂಧಕರು
ಗುರುತು, ಚಿಹ್ನೆ ಹಾಗೂ ತತ್ಸಂಬಂಧಿ ತಕರಾರುಗಳ ಇಲಾಖೆ

ಪ್ರತಿಗಳು:

1. ಉಪವಲಯದ ಎಲ್ಲಾ ಪರೀಕ್ಷಕರಿಗೆ, ಓದಿ ಸುಮ್ಮನಿರಲು.

2. ಮೆಲ್ಕಾರಿನ ವ್ಯಾಪಾರಿಗೆ, ಎಡಕ್ಕೆ ತಿರುಗಿದ ಹುಂಜದ ಹೆಸರು, ವಿಳಾಸ ಮತ್ತು ಒಪ್ಪಿಗೆ ಪತ್ರವನ್ನು ಕೂಡಲೇ ಸಲ್ಲಿಸಲು.

3. ಶ್ರೀ ಭೋಜ ಮತ್ತು ಶ್ರೀ ರುಕ್ಮಯ್ಯ ಇವರಿಗೆ ಜಂಟಿಯಾಗಿ ಒಂದೇ ಪ್ರತಿ; ಯಾರು ಇಟ್ಟುಕೊಳ್ಳಬೇಕೆಂಬುದನ್ನು ತಾವೇ ಮಾತಾಡಿ ತೀರ್ಮಾನಿಸಲು.

4. ಶ್ರೀಮತಿ ಪ್ರೇಮಾವತಿ ಇವರಿಗೆ, ಎರಡು ಪ್ರತಿ.

5. ಹೆಚ್ಚುವರಿ ಪ್ರತಿಗಳು: ಯಾರಿಗೆಂದು ನಂತರ ತಿಳಿಸಲಾಗುವುದು.