ನೀಲಾಂಬಿಕೆಯ ಚೌಕತರಂಗ ವಿಜಯ

ತಾಮ್ರತಂತುವಿಹಾರಿಣೀ, ಬೆಸುಗೆಧೂಮಪರಿಮಳಪ್ರಿಯೇ, ಫ್ಯೂಸು ಹಾರಿದೊಡನೆ ಕಣ್ಮರೆಯಾಗುವ ಚಂಚಲೆಯೇ, ಹೇ ವಿದ್ಯುದ್ದೇವಿ! ಟೈಮರ್ ಐಸಿಯೆಂಬ ಅಷ್ಟಪಾದ ಕೀಟವು ಭೂಮಂಡಲದ ಮಿಣಮಿಣ ದೀಪಗಳನ್ನೆಲ್ಲ ಆಳುತ್ತಿದ್ದ ಯುಗದಲ್ಲಿ, ಗದಗ ಸೀಮೆಯ ಪಾಲಿಟೆಕ್ನಿಕ್ಕೊಂದರಲ್ಲಿ ನಡೆದ ಮಹಾಸಮರವನ್ನು ಹಾಡಲಿರುವೆ. ನನ್ನ ನಾಲಗೆಗೆ ಕರೆಂಟು ಕೊಡು ತಾಯೀ, ಶಾಕ್ ಮಾತ್ರ ಬೇಡ.

ಆ ಸಮರದ ನಾಯಕಿ, ಬ್ರೆಡ್‌ಬೋರ್ಡ್‌ರಣಧೀರೆ ನೀಲಾಂಬಿಕೆ ಹೊಸಮನಿ, ಐಸಿಯಿಂದ ಚೌಕ ಅಲೆ ಹುಟ್ಟಿಸುವ ಇದೇ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಹೋದ ವರ್ಷ ಫೇಲಾದವಳು. ಈ ಸಲವೂ ಹೋದರೆ ಡಿಪ್ಲೊಮಾ ಕೈಬಿಟ್ಟಂತೆಯೇ. ಆದ್ದರಿಂದಲೇ ಎಲ್ಲರಿಗಿಂತ ಮೊದಲು ಬಂದು, ಅಲೆಯ ಆಕಾರವನ್ನು ತೆರೆಯ ಮೇಲೆ ತೋರಿಸುವ ಸಿಆರ್‌ಓ ಯಂತ್ರದ ಮೋರೆಯ ತುಂಬ, ಗುಂಡಿ ಸ್ವಿಚ್ಚೆನ್ನದೆ, ಹಸಿ ವಿಭೂತಿ ಬಳಿದು ಕೈಮುಗಿದಿದ್ದಳು.

"ಇವತ್ತ ಈ ಅಲೆ ಗ್ವಾಡಿ ಹಂಗ ನೆಟ್ಟಗ ನಿಂದರಲಿಲ್ಲಂದ್ರ, ನಾ ಹೊಸಮನಿ ಮಗಳs ಅಲ್ಲ!" ಎಂದು ಶಪಥಗೈದು ಸ್ವಿಚ್ಚೊತ್ತಿದಳು. ಅಯ್ಯೋ ವಿಧಿಯೇ! ಸಮತಲಶಿರಸ್ಕವಾಗಿ ಮೂಡಬೇಕಿದ್ದ ಚೌಕ ಅಲೆಯ ನೆತ್ತಿ, ಮಳೆಗೆ ವಾಲಿದ ಮಾಳಿಗೆಯಂತೆ ಇಳಿಜಾರಾಗಿತ್ತು.

ಆಗ ಕ್ರೋಧಾರುಣಲೋಚನೆಯಾದ ನೀಲಾಂಬಿಕೆ ಐಸಿಯನ್ನು ಕಿತ್ತೆಸೆದು ಹೊಸತನ್ನು ಚುಚ್ಚಿದಳು. ಕೆಪಾಸಿಟರನ್ನು ಕೊರಳು ಹಿಡಿದೆಳೆದು ಬದಲಿಸಿದಳು. ವೈರುಗಳನ್ನೆಲ್ಲ ಒತ್ತೊತ್ತಿ ಕೂರಿಸಿದಳು. ಅಲೆ ವಾಲಿಯೇ ಇತ್ತು.

"ಯಾಕ ಸೊಟ್ಟ ಮಾರಿ ಮಾಡಾಕತ್ತೀಯೋ, ಖೋಡಿ!" ಎಂದು ಸಿಂಹಿಣಿಯಾಗಿ ಗರ್ಜಿಸಿದಳು.

ಅಷ್ಟರಲ್ಲಿ ಉಪನೇತ್ರಾಲಂಕೃತನಾಸಿಕರಾದ ಪರೀಕ್ಷಕ ಸಂಕನಗೌಡರ ಸರ್ ಬಿಜಯಂಗೈದು, ಯಂತ್ರಕ್ಕೆ ಮೂಗು ತಾಗುವಷ್ಟು ಬಾಗಿದರು.

"ಇದೇನವಾ, ಗುಂಡಿ ಮ್ಯಾಗಿನ ಅಕ್ಷರಾನs ಕಾಣವಲ್ವು. ಮೊದಲ ಒರಸು."

ಮುಗೀತು ನನ್ನ ಕತಿ ಎಂದುಕೊಳ್ಳುತ್ತ ಆಕೆ ವೇಲಿನ ತುದಿಯಿಂದ ಒರೆಸಿದಳು. ಟಕ್! ಬೆಳಗ್ಗೆ ವಿಭೂತಿ ಬಳಿಯುವಾಗ ಅವಳದೇ ಬೆರಳು ಎಸಿ ಕಡೆಗೆ ನೂಕಿದ್ದ, ಯಂತ್ರದ ಪುಟ್ಟ ಸ್ವಿಚ್ಚೊಂದು ಡಿಸಿ ಕಡೆಗೆ ಸರಿಯಿತು. ಅಲೆ ಗೋಡೆಯ ಹಾಗೆ ನೆಟ್ಟಗೆ ನಿಂತುಬಿಟ್ಟಿತು! ಸರ್ಕ್ಯೂಟು ಮೊದಲಿನಿಂದಲೂ ಸರಿಯಿತ್ತು. ಪೂಜೆ ಮಾಡಿಸಿಕೊಂಡ ಯಂತ್ರವೇ ಅದನ್ನು ಸೊಟ್ಟಗೆ ತೋರಿಸುತ್ತಿತ್ತು.

ಸರ್ ಕನ್ನಡಕದ ಮೇಲಿಂದ ನೋಡಿದರು. "ಅಂದ್ರ, ದೋಷ ಏನಿತ್ತವಾ?"

"ಭಕ್ತಿ ಸ್ವಲ್ಪ ಜಾಸ್ತಿ ಆಗಿತ್ರಿ, ಸರ."

ಸರ್ ನಗು ತಡೆದುಕೊಂಡು ಪಾಸು ಮಾಡಿದರು. ತರಂಗವಿಜಯಿನಿ ನೀಲಾಂಬಿಕೆ ವೇಲಿಗಂಟಿದ ಬೂದಿ ಕೊಡವಿ, ಮಿರ್ಚಿ ತಿನ್ನಲು ಕ್ಯಾಂಟೀನಿಗೆ ಹೋದಳು.