ಕಿವಿ ಬಿಟ್ಟು ಎರಡು ಮೀಟರ್

ತೊಂದರೆಗೆಲ್ಲ ಮೂಲ ಎರಡು ಕಿವಿ.

ಗಾಡಿಯ ಅಗಲ ಎರಡು ಮೀಟರ್ ಮೂರು ಸೆಂಟಿಮೀಟರ್ ಎಂದು ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಓಣಿಯ ಅತಿ ಇಕ್ಕಟ್ಟಿನ ಜಾಗವೆಂದರೆ ಕಿನು ಅಜ್ಜಿಯ ಕಾಂಪೌಂಡಿಗೂ ಎದುರಿನ ಕರೆಂಟ್ ಕಂಬಕ್ಕೂ ನಡುವಿನ ಸಂದು. ಅದು ಎರಡು ಮೀಟರ್ ಹದಿನೈದು. ತೊಕುಜಿ ಮೂರು ಸಲ ಅಳೆದಿದ್ದ. ಮೂವತ್ತೈದು ವರ್ಷಗಳಿಂದ ನೆಲ ತುಂಬ ಹಾಸುವ ದಪ್ಪ ಹುಲ್ಲಿನ ತತಾಮಿ ಚಾಪೆ ಹೊಲಿದು ಯೊಕೊಸುಕಾ ಊರಿನ ಮನೆಮನೆಗೂ ಹಾಸಿದವನು. ಅವನು ಹಾಸಿದ ಎರಡು ಚಾಪೆಗಳ ನಡುವೆ ಕೂದಲೂ ನುಸುಳದು ಎಂಬ ಹೆಸರಿತ್ತು. ಆದರೆ ಅಮೆರಿಕದ ಪಿಕಪ್ ಗಾಡಿಗೆ ಆನೆಗಿರುವಂತೆ ಎರಡೂ ಕಡೆ ಕಿವಿಗಳಿರುತ್ತವೆ, ಆ ಕನ್ನಡಿಗಳನ್ನು ಕಾಗದದಲ್ಲಿ ಅಗಲಕ್ಕೆ ಸೇರಿಸುವುದಿಲ್ಲ ಎಂಬ ಸಂಗತಿ ಅವನಿಗೆ ಗೊತ್ತಾದದ್ದು ಗಾಡಿ ಅರ್ಧ ಓಣಿ ದಾಟಿದ ಮೇಲೆ. ಎಡಗಿವಿ ಕಂಬಕ್ಕೆ ಟಣ್ ಎಂದು ಬಡಿಯಿತು.

ಆಗ ಮಧ್ಯಾಹ್ನ ಒಂದು ಗಂಟೆ. ಮೂರಕ್ಕೆ ಪೊಲೀಸ್ ಠಾಣೆಯ ಮೊಮೊಸೆ ಬರುವವನಿದ್ದ. ಗಾಡಿ ನಿಲ್ಲಿಸಲು ಜಾಗವಿದೆಯೆಂದು ಪೊಲೀಸರು ನೋಡಿ ಮೊಹರು ಒತ್ತದ ಹೊರತು ಈ ಊರಲ್ಲಿ ಗಾಡಿ ಯಾರ ಹೆಸರಿಗೂ ಆಗುವುದಿಲ್ಲ. ಕಿಸೆ ತುಂಬಿದ್ದರೆ ಸಾಲದು, ಅಂಗಳವೂ ಬೇಕು. "ನಿಮ್ಮ ಓಣಿ ನೋಡಿದ್ರೆ ಯಾವ ಪೊಲೀಸೂ ನಂಬಲ್ಲ. ಗಾಡಿ ಒಳಗೆ ನಿಂತಿರೋದನ್ನೇ ತೋರಿಸ್ಬಿಡಿ" ಎಂದು ಹಳೇ ಗಾಡಿ ಮಾರುವ ಕಾಗಾ ತಾತ್ಕಾಲಿಕ ನಂಬರು ಹಾಕಿಸಿ ಒಂದು ದಿನದ ಮಟ್ಟಿಗೆ ಬಿಟ್ಟುಕೊಟ್ಟಿದ್ದ. ಮೊಹರು ಬೀಳದಿದ್ದರೆ ಸಂಜೆ ಐದಕ್ಕೆ ವಾಪಸು. ಇನ್ನೊಬ್ಬ ಗಿರಾಕಿ ಬಾಯಿ ಬಿಟ್ಟುಕೊಂಡು ಕಾದಿದ್ದ.

ಹನ್ನೆರಡನೇ ವಯಸ್ಸಿನಲ್ಲಿ ಅಮೆರಿಕದವರ ನೌಕಾನೆಲೆಯ ಗೇಟಿನ ಹತ್ತಿರ ಇಂಥದೇ ನೀಲಿ ಗಾಡಿಯೊಂದನ್ನು ತೊಕುಜಿ ಕಂಡಿದ್ದ. ಅವತ್ತಿನಿಂದ ಅದು ಅವನ ತಲೆಯಿಂದ ಇಳಿದಿರಲಿಲ್ಲ. "ದೇವಸ್ಥಾನದ ಸಭಾಂಗಣದ ಚಾಪೆಗಳನ್ನೆಲ್ಲ ಒಂದೇ ಸಲಕ್ಕೆ ಸಾಗಿಸಬಹುದು" ಎಂಬುದು ಹೆಂಡತಿಗೆ ಹೇಳಲು ಇಟ್ಟುಕೊಂಡಿದ್ದ ಕಾರಣ. ಇನ್ನೂ ಹೇಳಿರಲಿಲ್ಲ. ಯಾಕೆಂದರೆ ತೊಕುಜಿ ಮನೆ ಅಳಿಯ. ಅಂಗಡಿ, ಅಂಗಳ, ಅವನ ಮನೆತನದ ಹೆಸರು ಕೂಡ ಮಾವನ ಕಡೆಯದು. ಅರ್ಜಿಗೆ ಅಂಗಳದ ಒಡತಿಯ ಒಪ್ಪಿಗೆಯ ಮೊಹರು ಬೇಕು ಎಂದಾಗ, ಹೆಂಡತಿ ಸುಮಿಯೆ ಸ್ನಾನಕ್ಕಿಳಿದ ಹೊತ್ತು ನೋಡಿ ಡ್ರಾಯರಿನಿಂದ, ಸಹಿಯ ಬದಲು ಒತ್ತುವ ಅವಳ ಹೆಸರಿನ ಮೊಹರು ತೆಗೆದು ತಾನೇ ಒತ್ತಿಬಿಟ್ಟಿದ್ದ. ಅವಳು ಒದವಾರ ಊರಿನ ಅಕ್ಕನ ಮನೆಗೆಂದು ಹೇಳಿ ಹೋದವಳು ನಾಲ್ಕರ ರೈಲಿಗೆ ಬರುತ್ತಾಳೆ. ಅಷ್ಟರೊಳಗೆ ಗಾಡಿ ಪೊಲೀಸ್ ಮೊಹರು ಸಮೇತ ಅಂಗಳದಲ್ಲಿ ನಿಂತುಬಿಟ್ಟರೆ, ಒಂದೆರಡು ದಿನ ಬೈದು ಸುಮ್ಮನಾಗುತ್ತಾಳೆ ಎಂದು ಅವನ ಎಣಿಕೆ.

ಟಣ್ ಎಂಬ ಸದ್ದಿಗೆ ಮೊದಲು ಹೊರಬಂದದ್ದು ಕಿನು ಅಜ್ಜಿ.

"ಅಯ್ಯೋ ತೊಕು ಚಾನ್, ಇದೇನೋ ಇದು? ಹಡಗು ಇಳಿಸೋದಾದ್ರೆ ಸಮುದ್ರ ಆ ಕಡೆ ಇದೆಯಲ್ಲೋ!"

"ಹಡಗಲ್ಲ ಅಜ್ಜಿ, ಪಿಕಪ್ಪು."

"ಯಾವ್ದಾದ್ರೂ ಆಗ್ಲಿ. ನನ್ನ ಸೇವಂತಿಗೆ ಕುಂಡದ ಮೇಲೆ ಹತ್ತಿಸಿದ್ರೆ ನಿನ್ನ ಚಾಪೆ ಹೊಲಿಯೋ ಸೂಜಿಲೇ ನಿನ್ನ ಹೊಲೀತೀನಿ."

ಹಿಂದೆಯೇ ಬೀದಿ ಸಂಘದ ಅಧ್ಯಕ್ಷ ಇಸೊಬೆಯವರು ಬಂದರು. ನಲವತ್ತು ವರ್ಷ ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಈಗಲೂ ಕಸದ ಬುಟ್ಟಿ ಹೊರಗಿಡುವ ಮೊದಲು ಬಲಗೈ ಚಾಚಿ, "ಬುಟ್ಟಿ, ಸರಿ! ಮುಚ್ಚಳ, ಸರಿ!" ಎಂದು ಗಟ್ಟಿಯಾಗಿ ಹೇಳಿಯೇ ಇಡುತ್ತಿದ್ದರು. ಈಗ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದರು. ಬಂದರು ಎನ್ನುವುದಕ್ಕಿಂತ ಅರ್ಧ ಬಂದರು, ಇನ್ನರ್ಧಕ್ಕೆ ಜಾಗವಿರಲಿಲ್ಲ.

"ತೊಕುಜಿ ಸಾನ್, ಇದು ಕಣ್ಣು ಹಾಯಿಸಿದಷ್ಟು ದೂರ ಜೋಳ ಬೆಳೆಯೋ ದೇಶದ ಗಾಡಿ. ನಮ್ಮಲ್ಲಿ ಕಣ್ಣು ಹಾಯಿಸಿದ್ರೆ ಎದುರು ಮನೆಯವರ ಬಚ್ಚಲು ಕಾಣತ್ತೆ. ಇದನ್ನ ಎಲ್ಲಿ ನಿಲ್ಲಿಸ್ತೀರಿ?"

"ನಮ್ಮ ಅಂಗಳದಲ್ಲೇ. ಉದ್ದ ಐದು ತೊಂಬತ್ತು, ಅಂಗಳ ಆರು ಮೀಟರ್. ಮೂರಕ್ಕೆ ಪೊಲೀಸಿನವರು ಬರ್ತಾರೆ."

"ನಿಮ್ಮ ಅಂಗಳದಲ್ಲಾ? ಅಲ್ಲ, ಅಲ್ಲಿ..." ಎಂದು ಅಜ್ಜಿ ಬಾಯಿ ತೆರೆದಳು. ಇಸೊಬೆಯವರಿಗೆ ಜೋರಾಗಿ ಕೆಮ್ಮು ಬಂತು. ಅಜ್ಜಿ ಬಾಯಿ ಮುಚ್ಚಿಕೊಂಡಳು. ಅವಳು ತೆರೆದ ಬಾಯನ್ನು ಅರ್ಧಕ್ಕೆ ಮುಚ್ಚಿದ್ದನ್ನು ಓಣಿ ಹಿಂದೆಂದೂ ಕಂಡಿರಲಿಲ್ಲ. ಆದರೆ ತೊಕುಜಿಗೆ ಅದನ್ನು ಗಮನಿಸುವ ವ್ಯವಧಾನವಿರಲಿಲ್ಲ.

"ಅಲ್ಲಿಗೆ ಹೋಗೋದು ಕಷ್ಟ ಅಂತ ಹೇಳ್ದೆ ಅಷ್ಟೆ" ಎಂದಳು ಅಜ್ಜಿ.

"ಕಷ್ಟ, ಆದ್ರೆ ಅಸಾಧ್ಯ ಅಲ್ಲ" ಎಂದು ಇಸೊಬೆಯವರು ಕಿಸೆಯಿಂದ ಹಳೇ ಸೀಟಿ ತೆಗೆದರು. ಅವರ ಮುಖ ಹತ್ತು ವರ್ಷ ಚಿಕ್ಕದಾಯಿತು.

ಮೊದಲು ಕಿವಿಗಳನ್ನು ಮಡಚಿದರು. ಕಿವಿ ಮಡಚಿದ ಮೇಲೆ ಗಾಡಿ ಹಿಡಿಸುವ ಹಾಗಾಯಿತು, ಆದರೆ ತೊಕುಜಿಗೆ ಪಕ್ಕದ್ದೂ ಹಿಂದಿನದೂ ಏನೂ ಕಾಣದ ಹಾಗಾಯಿತು. ಆದ್ದರಿಂದ ಓಣಿಯೇ ಅವನ ಕಣ್ಣಾಗಬೇಕಾಯಿತು. ಮುಂದೆ ಇಸೊಬೆ, ಬಲಕ್ಕೆ ಅಜ್ಜಿ, ಎಡಕ್ಕೆ ಕ್ಷೌರದಂಗಡಿಯ ಶಿಗೆಯೊ. ಶಿಗೆಯೊನ ಹಿಂದೆ ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಸಿಕೊಂಡಿದ್ದ ಅವನ ಗಿರಾಕಿಯೂ ಬಂದು ನಿಂತ.

"ಬರ್ಲಿ, ಬರ್ಲಿ, ಬರ್ಲಿ!" ಎಂದು ಶಿಗೆಯೊ.

"ಬೇಡ, ಬೇಡ, ಕುಂಡ!" ಎಂದು ಅಜ್ಜಿ.

"ಎಡ, ಸರಿ! ಬಲ, ಸರಿ! ಮುಂದೆ..." ಎಂದು ಇಸೊಬೆಯವರು ಸೀಟಿ ಊದುವಷ್ಟರಲ್ಲಿ ಕರ್ರ್ ಎಂಬ ಸದ್ದಾಯಿತು.

"ಮುಂದೆ ಏನು?" ಎಂದು ತೊಕುಜಿ ಒಳಗಿನಿಂದ ಕೂಗಿದ.

"ಮುಂದೆ ಸರಿ ಇಲ್ಲ" ಎಂದರು ಇಸೊಬೆ.

ಗಾಡಿ ಕೊಂಚ ಓರೆಯಾಗಿ, ಹಿಂದಿನ ಚಕ್ರದ ಮೇಲಿನ ಉಬ್ಬು ಅಜ್ಜಿಯ ಕಾಂಪೌಂಡಿಗೆ ಅಂಟಿಕೊಂಡಿತ್ತು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ತೊಕುಜಿಯದು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಪಾಡು. ತರಕಾರಿ ಚೀಲ ಹಿಡಿದು ಬಂದ ಹೆಂಗಸರು ಓಣಿಯ ಆ ತುದಿಯಲ್ಲೂ ಅಂಚೆಯವನು ಈ ತುದಿಯಲ್ಲೂ ನಿಂತುಬಿಟ್ಟರು. ಅಂಚೆಯವನು ಕಾಗದಗಳನ್ನು ಗಾಡಿಯ ಮೇಲಿಂದ ಆಚೆಗೆ ದಾಟಿಸಿದ. ಒಬ್ಬಾಕೆ ಮೂಲಂಗಿಯನ್ನು ಈಚೆಗೆ ದಾಟಿಸಿದಳು.

"ಸೋಪು ಹಚ್ಚೋಣ" ಎಂದ ಶಿಗೆಯೊ. ಗಿರಾಕಿ ಗಾಬರಿಯಿಂದ ಕೆನ್ನೆ ಮುಚ್ಚಿಕೊಂಡ.

ಕೊನೆಗೆ ಉಪಾಯ ಹೊಳೆದದ್ದು ತೊಕುಜಿಗೇ. "ಅಂಗಡಿಯಲ್ಲಿ ಹೊಸ ಹುಲ್ಲಿನ ಹೊದಿಕೆ ಇದೆ ನೋಡಿ, ಚಾಪೆ ಮೇಲೆ ಹೊಲಿಯೋದು. ತಂದು ಗೋಡೆಗೂ ಗಾಡಿಗೂ ನಡುವೆ ತೂರಿಸಿ. ಹೊಸಾ ಹುಲ್ಲು ರೇಷ್ಮೆ ಥರ ಜಾರತ್ತೆ."

ತೂರಿಸಿದರು. ಅಂಚೆಯವನು ಹಿಂದಿನಿಂದ ಭುಜ ಕೊಟ್ಟ, ತರಕಾರಿಯ ಹೆಂಗಸರು ಮುಂದಿನಿಂದ ಹಿಡಿದು ಎಳೆದರು. ಇಸೊಬೆಯವರು ಉಸಿರು ಕಟ್ಟಿ ಸೀಟಿ ಊದಿದರು. ಗಾಡಿ ನಿಟ್ಟುಸಿರು ಬಿಟ್ಟು ಜಾರಿ, ಒಂದು ಕುಂಡವನ್ನೂ ಮುಟ್ಟದೆ, ಅಂಗಳದೊಳಗೆ ಹೋಗಿ ನಿಂತಿತು. ಮೂರಕ್ಕೆ ಐದು ನಿಮಿಷವಿತ್ತು. ಓಣಿಯೆಲ್ಲ ಚಪ್ಪಾಳೆ ಹೊಡೆಯಿತು. ತೊಕುಜಿಗೆ ಕಣ್ಣು ತುಂಬಿ ಬಂತು. ಇಂಥ ನೆರೆಹೊರೆ ಯಾರಿಗುಂಟು ಯಾರಿಗಿಲ್ಲ ಎಂದುಕೊಂಡು ಇಳಿಯಲು ಬಾಗಿಲು ತಳ್ಳಿದ.

ಬಾಗಿಲು ಎರಡು ಬೆರಳಷ್ಟು ತೆರೆದು, ಕಿಟಕಿಗಿಂತ ತಗ್ಗಾದ ಮೋಟು ಗೋಡೆಗೆ ತಾಗಿತು. ಇನ್ನೊಂದು ಬಾಗಿಲು ಒಂದೂವರೆ ಬೆರಳು.

ಪೊಲೀಸ್ ಮೊಮೊಸೆ ಅಳತೆಯ ಟೇಪು ಹಿಡಿದು ಬಂದಾಗ, ಅರ್ಜಿದಾರ ಕಿಟಕಿಯಿಂದ ಸೊಂಟದವರೆಗೆ ಹೊರಬಂದು ನೇತಾಡುತ್ತಲೇ ಅವನಿಗೆ ಬಾಗಿ ನಮಸ್ಕಾರ ಮಾಡಿದ. ಇಸೊಬೆ ಒಂದು ಕೈ, ಶಿಗೆಯೊ ಒಂದು ಕೈ ಹಿಡಿದು ಎಳೆದುಕೊಂಡರು.

ಮೊಮೊಸೆ ಚಿಕ್ಕ ವಯಸ್ಸಿನ ಶ್ರದ್ಧಾವಂತ. ಉದ್ದ ಅಳೆದ, ಅಗಲ ಅಳೆದ, ರಸ್ತೆಗೆ ಚಾಚಿಲ್ಲವೆಂದು ಮಂಡಿಯೂರಿ ನೋಡಿದ. "ಆಶ್ಚರ್ಯ! ಗಾಡಿ ಹಿಡಿಸತ್ತೆ" ಎಂದ. ಹನ್ನೆರಡು ವರ್ಷದವನು ಕಂಡ ಕನಸಿಗೂ ತೊಕುಜಿಗೂ ಈಗ ಒಂದೇ ಒಂದು ಮೊಹರಿನ ದೂರ.

"ಆದ್ರೆ ನನಗೆ ಈ ಜಾಗ ಎಲ್ಲೋ ನೋಡಿದ ಹಾಗಿದೆಯಲ್ಲ..." ಎಂದು ಮೊಮೊಸೆ ಚೀಲದಿಂದ ಇನ್ನೊಂದು ಕಡತ ತೆಗೆದು ಹಾಳೆ ತಿರುವಿದ. "ಹೌದು. ಹೋದ ಗುರುವಾರ ಬಂದಿದ್ದೆ. ಅವತ್ತು ನೀವು ದೇವಸ್ಥಾನಕ್ಕೆ ಚಾಪೆ ಹಾಸೋಕೆ ಹೋಗಿದ್ರಂತೆ. ಈ ಅಂಗಳಕ್ಕೆ ಆಗ್ಲೇ ಮೊಹರು ಬಿದ್ದಿದೆ ಸಾರ್."

"ಬಿದ್ದಿದ್ಯಾ? ಯಾರ ಗಾಡಿಗೆ?"

"ಸುಮಿಯೆ ಅನ್ನೋರ ಗಾಡಿಗೆ."

ಅಷ್ಟರಲ್ಲಿ ಓಣಿಯ ತುದಿಯಿಂದ ಪೀಂ ಎಂದು ಹಾರನ್ ಕೇಳಿಸಿತು. ಟೊಮೆಟೊ ಬಣ್ಣದ, ಬೆಂಕಿಪೊಟ್ಟಣದಂಥ ಪುಟ್ಟ ಟ್ರಕ್ಕೊಂದು ಕಂಬ, ಕುಂಡ, ಕಾಂಪೌಂಡು ಯಾವುದನ್ನೂ ಸೋಕದೆ ಸಲೀಸಾಗಿ ಬಂದು ಅಂಗಳದ ಬಾಯಿಗೆ ನಿಂತಿತು. ಅದರಿಂದ ಸುಮಿಯೆ ಇಳಿದಳು. ಅಂಗಳದಲ್ಲಿದ್ದ ನೀಲಿ ಗಾಡಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮುಡಿ ನೋಡಲು ಕತ್ತೆತ್ತಬೇಕಾಯಿತು.

"ನಾಳಿದ್ದು ನಿಮಗೆ ಅರವತ್ತು ತುಂಬತ್ತೆ" ಎಂದಳು. "ಅರವತ್ತಕ್ಕೆ ಎಲ್ರೂ ಕೆಂಪು ಟೋಪಿ, ಕೆಂಪು ಅಂಗಿ ಕೊಡ್ತಾರೆ, ಅದು ಪೆಟ್ಟಿಗೆ ಸೇರತ್ತೆ. ಉಪಯೋಗಕ್ಕೆ ಬರೋ ಕೆಂಪು ಕೊಡೋಣ ಅಂತ ನಾನು ಇದನ್ನ ತಂದೆ. ಒಳಗಿರೋ ಆ ನೀಲಿದು ಯಾರದು?"

ಉತ್ತರ ಕೊಟ್ಟವನು ಮೊಮೊಸೆ. ಎರಡೂ ಕಾಗದಗಳನ್ನು ಜೊತೆಗಿಟ್ಟು ತೋರಿಸಿದ. "ಅಮ್ಮಾ, ಒಂದೇ ಜಾಗಕ್ಕೆ ನೀವು ಎರಡು ಗಾಡಿಗೆ ಒಪ್ಪಿಗೆ ಕೊಟ್ಟಿದ್ದೀರಿ. ಇದರಲ್ಲಿ ಮೊಹರು ತಲೆಕೆಳಗಾಗಿದೆ. ಇದನ್ನೂ ನೀವೇ ಒತ್ತಿದ್ದಾ?"

ಸುಮಿಯೆ ಕಾಗದ ನೋಡಿದಳು. ಗಂಡನ ಮುಖ ನೋಡಿದಳು. ಅದು ಆಗಲೇ ಹೊಸ ಟ್ರಕ್ಕಿನ ಬಣ್ಣಕ್ಕೆ ತಿರುಗಿತ್ತು.

"ನಾನೇ ಒತ್ತಿದ್ದು" ಎಂದಳು. "ಕನ್ನಡಕ ಹಾಕ್ಕೊಂಡಿರ್ಲಿಲ್ಲ."

ಮೂವತ್ತೈದು ವರ್ಷದ ದಾಂಪತ್ಯದಲ್ಲಿ ತೊಕುಜಿಗೆ ಹೆಂಡತಿಯ ಮೇಲೆ ಅಷ್ಟು ಪ್ರೀತಿ ಉಕ್ಕಿದ್ದು ಅದೇ ಮೊದಲು, ಅಷ್ಟು ಭಯವಾದದ್ದೂ ಅದೇ ಮೊದಲು.

"ಒಂದು ಜಾಗಕ್ಕೆ ಒಂದೇ ಗಾಡಿ" ಎಂದು ಮೊಮೊಸೆ ಅರ್ಜಿಯನ್ನು ಎರಡೂ ಕೈಯಲ್ಲಿ ಹಿಡಿದು ತೊಕುಜಿಗೆ ಹಿಂತಿರುಗಿಸಿ, ಬಾಗಿ, ಹೊರಟುಹೋದ.

ತೊಕುಜಿ ಓಣಿಯ ಕಡೆ ತಿರುಗಿದ. ಕೆಂಪು ಟ್ರಕ್ಕು ಕಂಡು ಯಾರೂ ಬೆರಗಾದಂತಿರಲಿಲ್ಲ. ಯಾರದಿದು ಎಂದು ಯಾರೂ ಕೇಳಿರಲಿಲ್ಲ. ಶಿಗೆಯೊ ಆಕಾಶ ನೋಡುತ್ತಿದ್ದ.

"ನಿಮಗೆ ಗೊತ್ತಿತ್ತಾ?"

"ಹೋದ ವಾರವೇ ಸುಮಿಯೆ ಸಾನ್ ಮನೆಮನೆಗೂ ಬಂದು ಸಿಹಿ ಪೊಟ್ಟಣ ಕೊಟ್ಟು, ಅವರಿಗೆ ಮಾತ್ರ ಹೇಳ್ಬೇಡಿ ಅಂದಿದ್ರು" ಎಂದರು ಇಸೊಬೆ. "ಸಿಹಿ ತಿಂದ ಮೇಲೆ ಮಾತು ತಪ್ಪೋಕಾಗತ್ತಾ?"

"ಹಾಗಾದ್ರೆ ಎರಡು ಗಂಟೆ ಹೊತ್ತು, ಜಾಗ ಇಲ್ಲ ಅಂತ ಗೊತ್ತಿದ್ದೂ ನನ್ನ ಗಾಡಿ ತಳ್ಳಿದ್ರಾ!"

"ಒಳಗೆ ಹೋಗತ್ತೋ ಇಲ್ವೋ ನೋಡ್ಬೇಕು ಅನ್ನೋ ಆಸೆ ನಮಗೂ ಇರಲ್ವೇನ್ರೀ" ಎಂದು ಇಸೊಬೆಯವರು ಗಡಿಯಾರ ನೋಡಿಕೊಂಡರು. "ಐದಕ್ಕೆ ಇನ್ನೂ ಹೊತ್ತಿದೆ. ಹಿಂದಕ್ಕೆ ತೆಗೆಯೋದು ಇನ್ನೂ ಕಷ್ಟ. ಹತ್ತಿ, ಹತ್ತಿ!" ಎಂದು ಖುಷಿಯಿಂದ ಸೀಟಿ ಬಾಯಿಗಿಟ್ಟರು.

ಕಿಟಕಿಯಿಂದ ಒಳಗೆ ತೂರಲು ಹೊರಟ ತೊಕುಜಿಯ ಕಾಲನ್ನು ಹಿಡಿದು ಎತ್ತಿಕೊಡುತ್ತ ಕಿನು ಅಜ್ಜಿ ಸಮಾಧಾನ ಹೇಳಿದಳು: "ಬೇಜಾರು ಮಾಡ್ಕೋಬೇಡ ಕಣೋ ತೊಕು ಚಾನ್. ಬಾಯಿ ಬಿಡಬಾರ್ದು ಅಂತ ಅವಳು ಹೇಳಿದ್ಲು. ಕೈ ಹಚ್ಚಬಾರ್ದು ಅಂತ ಹೇಳಿರ್ಲಿಲ್ಲ."