ದೊಡ್ಡಮ್ಮನ ಜೀವಕೋಶಗಳಿಗೆ ಜೋಗುಳ

ನಮ್ಮ ದೊಡ್ಡಮ್ಮನಿಗೆ ಮಕ್ಕಳಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೋಟಿಗಟ್ಟಲೆ ಇದ್ದಾರೆ! ಎಲ್ಲರೂ ಅವರ ರಕ್ತದಲ್ಲೇ ವಾಸ. ಬೆಳಗ್ಗೆ ಎದ್ದು ಆ ಮಕ್ಕಳನ್ನು ಮಾತಾಡಿಸಿ, ಅರಶಿನ ಹಾಲು ಕುಡಿಸಿ, ಸಮಾಧಾನ ಮಾಡಿದ ಮೇಲೆಯೇ ಅವರು ನನ್ನಂಥ ಸಾಧಾರಣ ಮನುಷ್ಯಳ ಕಡೆ ತಿರುಗುವುದು.

ಇದೆಲ್ಲ ಶುರುವಾದದ್ದು ಅವರ ಕೈಬೆರಳ ಗಂಟುಗಳು ಊದಿಕೊಂಡ ಮೇಲೆ. ಹಿಂದೆ ಬಿಜೈಯ ಮನೆಮನೆಗೆ ಮೀನಿನ ಬುಟ್ಟಿ ಹೊತ್ತವರು ಅವರು. ಈಗ ಶಕ್ತಿನಗರದಲ್ಲಿ ನನ್ನ ಜೊತೆಗಿದ್ದಾರೆ. ಬೆಳಗಿನ ಹೊತ್ತು ಬೆರಳು ಮಡಚುವುದಿಲ್ಲ, ಲೋಟ ಹಿಡಿಯಲಾಗುವುದಿಲ್ಲ. ಕೊಡಿಯಾಲ್‌ಬೈಲಿನ ಡಾಕ್ಟರರು ಪರೀಕ್ಷೆ ಮಾಡಿ, ರೋಗದಿಂದ ಕಾಪಾಡಬೇಕಾದ ಕಾವಲು ಕೋಶಗಳೇ ತಪ್ಪು ತಿಳಿದು ಸ್ವಂತ ಗಂಟುಗಳ ಮೇಲೆ ಬಿದ್ದಿವೆ ಎಂದು ವಿವರಿಸಿದರು. ಬೇರೆಯವರಾಗಿದ್ದರೆ ಹೆದರುತ್ತಿದ್ದರು. ದೊಡ್ಡಮ್ಮ ಏನೆಂದರು ಗೊತ್ತೇ?

"ಪಾಪ!"

"ಯಾರು ಪಾಪ?" ಡಾಕ್ಟರರಿಗೆ ಗಲಿಬಿಲಿ.

"ಅವೇ ಡಾಕ್ಟ್ರೇ, ಆ ಕೋಶಗಳು. ಕೈಗೆ ಎಷ್ಟು ಸಲ ಮೀನಿನ ಮುಳ್ಳು ಚುಚ್ಚಿಲ್ಲ! ಒಮ್ಮೆ ಆದ್ರೂ ಕೀವಾಯ್ತಾ? ಆಗ ಕಾದದ್ದು ಇವೇ ಅಲ್ವಾ? ಈಗ ಸ್ವಲ್ಪ ತಲೆ ಕೆಟ್ಟಿದೆ ಅಂತ ಬೈಲಿಕ್ಕೆ ಆಗ್ತದಾ?"

ಡಾಕ್ಟರರು ಮಾತ್ರೆ ಬರೆದುಕೊಟ್ಟರು.

ಮಾತ್ರೆಯನ್ನೇನೋ ದೊಡ್ಡಮ್ಮ ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಅವರ ಪ್ರಕಾರ ಮಾತ್ರೆ ಎಂದರೆ ಪೊಲೀಸು, ಗದರಿಸಿ ಕೂರಿಸುತ್ತದೆ ಅಷ್ಟೆ. "ಮಕ್ಕಳಿಗೆ ನಿದ್ದೆ ಬರ್ಬೇಕಾದ್ರೆ ಹಾಲು ಬೇಡ್ವಾ?" ಎಂದರು. ಹಾಲಿಗೆ ಅರಶಿನ ಹಾಕುವ ಉಪಾಯ ಹೇಳಿಕೊಟ್ಟವಳು ಯಾರು? ನಾನೇ! ಅರಶಿನದಲ್ಲಿರುವ ಕರ್ಕ್ಯುಮಿನ್ ಎಂಬ ವಸ್ತು ಇಂಥ ಕೋಶಗಳನ್ನು ಏನು ಮಾಡುತ್ತದೆಂದು ನೋಡುವುದೇ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಕೆರಳಿದ ಕೋಶಗಳು ರಾಸಾಯನಿಕ ಬಿಟ್ಟು "ಬನ್ನಿ, ಬನ್ನಿ" ಎಂದು ಉಳಿದವರನ್ನೂ ಜಗಳಕ್ಕೆ ಕರೆಯುತ್ತವೆ. ಕರ್ಕ್ಯುಮಿನ್ ಬಿದ್ದರೆ ಆ ಕೂಗು ತಗ್ಗುತ್ತದೆ. ಊಟ ಮಾಡುತ್ತಾ ಇಷ್ಟು ಹೇಳಿದ್ದೇ ತಪ್ಪಾಯಿತು ನೋಡಿ! ಮನೆಯ ಲೋಟ, ಟಿವಿ ರಿಮೋಟು, ಪಕ್ಕದ ಮನೆಯ ಬಿಳಿ ಬೆಕ್ಕು, ಎಲ್ಲಕ್ಕೂ ಹಳದಿ ಬೆರಳಚ್ಚು. ನನ್ನ ಬಿಳಿ ಕೋಟಿನ ಕಲೆಗೆ ಸೋಪು ಹಚ್ಚಿದೆ, ಅದು ಕೆಂಪಾಯಿತು! ಲ್ಯಾಬಿನಲ್ಲಿ ಎಲ್ಲರೂ ಯಾರ ಕೊಲೆ ಎಂದು ವಿಚಾರಿಸಿದರು. ಇನ್ನೊಂದು ಗುಟ್ಟು: ಅರಶಿನದಲ್ಲೇ ಹೊಟ್ಟೆ ಹೊರೆಯುವ ನನಗೆ ಅರಶಿನ ಹಾಲು ಕಂಡರಾಗದು. ವಾಸನೆಗೇ ಮೂಗು ಮುಚ್ಚಿಕೊಳ್ಳುತ್ತೇನೆ.

ಮಧ್ಯಾಹ್ನ ಕಡಲ ಕಡೆಯಿಂದ ಗಾಳಿ ಬರುವ ಹೊತ್ತಿಗೆ ದೊಡ್ಡಮ್ಮ ಬಾಲ್ಕನಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಾರೆ. ನಿದ್ದೆಯಲ್ಲ, ಕೇಳಿಸಿಕೊಳ್ಳುವುದು! "ಹೆಬ್ಬೆರಳಲ್ಲಿ ಮಲಗಿದ್ವು. ಮಣಿಗಂಟಲ್ಲಿ ಇನ್ನೂ ಆಡ್ತಾ ಉಂಟು," ಎನ್ನುತ್ತಾರೆ. ಆಮೇಲೆ ಪದಗಳಿಲ್ಲದ ಒಂದು ರಾಗ ಗುನುಗುತ್ತಾರೆ. ಅದನ್ನು ಕೇಳುತ್ತಾ ನಾನೇ ಎಷ್ಟೋ ಸಲ ಪುಸ್ತಕದ ಮೇಲೆ ತಲೆಯಿಟ್ಟು ಮಲಗಿದ್ದುಂಟು. ಡಾಕ್ಟರರ ಹತ್ತಿರ ಕನ್ನಡ, ಕೋಶಗಳ ಹತ್ತಿರ ತುಳು. ಯಾಕೆಂದು ಕೇಳಿದರೆ, "ಅವು ಹೊರಗೆ ಎಲ್ಲಿ ಹೋಗಿವೆ ಮಾರಾಯ್ತಿ, ಕನ್ನಡ ಕಲೀಲಿಕ್ಕೆ?"

ಹೊರಗೆ ಹೋಗುವ ದಿನವೂ ಬಂತು. ನಮ್ಮ ಪ್ರಯೋಗಕ್ಕೆ ದೊಡ್ಡಮ್ಮ ಸಂತೋಷದಿಂದ ರಕ್ತ ಕೊಟ್ಟರು. ಸಿರಿಂಜು ತುಂಬುತ್ತಿದ್ದಾಗ, "ಹೋಗಿ ಬನ್ನಿ, ಅಲ್ಲಿ ಹಠ ಮಾಡ್ಬೇಡಿ," ಎಂದು ಶಾಲೆಗೆ ಕಳುಹಿಸುವವರಂತೆ ತುಳುವಿನಲ್ಲೇ ಬುದ್ಧಿ ಹೇಳಿದರು. ಆ ರಕ್ತದಿಂದ ಕೋಶಗಳನ್ನು ಬೇರೆ ಮಾಡಿ, ಕರ್ಕ್ಯುಮಿನ್ ಹಾಕಿ, ಅವರನ್ನೇ ಕರೆದೊಯ್ದು ತೋರಿಸಿದೆ. ಕೋಣೆ ಕತ್ತಲೆ ಮಾಡಿ ನೀಲಿ ಬೆಳಕು ಬಿಟ್ಟರೆ ಕರ್ಕ್ಯುಮಿನ್ ಹೀರಿಕೊಂಡ ಕೋಶಗಳು ತಾವೇ ಹೊಳೆಯುತ್ತವೆ, ಹಸಿರು ಬೆರೆತ ಹಳದಿ ಚುಕ್ಕಿಗಳಾಗಿ.

ದೊಡ್ಡಮ್ಮ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರು ತೆಗೆಯಲೇ ಇಲ್ಲ.

"ಕತ್ತಲಲ್ಲಿ ಬಲೆ ಎಳೆಯುವಾಗ ಕಡಲು ಹೀಗೆ ಮಿನುಗ್ತದೆ ಅಂತ ಅಪ್ಪ ಹೇಳ್ತಿದ್ರು. ಹೆಣ್ಣುಮಕ್ಕಳನ್ನು ದೋಣಿಗೆ ಹತ್ತಿಸ್ತಿರ್ಲಿಲ್ಲ. ಇವತ್ತು ನೋಡಿದೆ." ಆಮೇಲೆ ಮೆಲ್ಲಗೆ, "ಜೆಪ್ಪುಲೆ ಜೋಕುಲೇ," ಎಂದರು. ಮಲಗಿ ಮಕ್ಕಳೇ, ಎಂದು.

ಹಾಗೇ ಕಣ್ಣಿಟ್ಟುಕೊಂಡೇ ಕೇಳಿದರು: "ಸುಳ್ಳು ಹೇಳ್ಬಾರ್ದು ಮಗಾ. ನಾನು ಕುಡಿಯುವ ಅರಶಿನ ಇವುಗಳಿಗೆ ಮುಟ್ಟುತ್ತದಾ?"

ನಾನು ಹೆದರಿದ್ದು ಈ ಪ್ರಶ್ನೆಗೇ. ಪ್ರಯೋಗದ ತಟ್ಟೆಯಲ್ಲಾದರೆ ಅದನ್ನು ಕೋಶದ ಮೇಲೆಯೇ ಹಾಕುತ್ತೇವೆ. ಕುಡಿದದ್ದರಲ್ಲಿ ಹೆಚ್ಚಿನದು ರಕ್ತಕ್ಕೆ ಸೇರುವುದೇ ಇಲ್ಲ, ಸೇರಿದ್ದನ್ನೂ ಯಕೃತ್ತು ಬೇಗನೆ ಹೊರಹಾಕುತ್ತದೆ. ಕಾಳುಮೆಣಸು ಬೆರೆಸಿದರೆ ಸ್ವಲ್ಪ ವಾಸಿ, ಅಷ್ಟೆ.

"ತುಂಬಾ ಕಡಿಮೆ ದೊಡ್ಡಮ್ಮ. ಇಲ್ಲ ಅಂತಲೇ ಹೇಳ್ಬಹುದು."

ಅವರು ತಲೆಯೆತ್ತಿ ತಮ್ಮ ಡೊಂಕು ಬೆರಳುಗಳನ್ನು ನೋಡಿಕೊಂಡರು. ನನಗೆ ನನ್ನ ಪದವಿಯ ಮೇಲೆಯೇ ಸಿಟ್ಟು ಬಂತು.

"ವರ್ಷವರ್ಷ ನಮ್ಮವ್ರು ಕಡಲಿಗೆ ಹಾಲು ಎರೆಯುವುದಿಲ್ವಾ?" ಎಂದರು ದೊಡ್ಡಮ್ಮ. "ಒಂದು ಚೊಂಬು ಹಾಲಿಗೆ ಕಡಲು ಬೆಳ್ಳಗಾಗ್ತದಾ? ನಾವು ಬಂದಿದ್ದೇವೆ ಅಂತ ಅದಕ್ಕೆ ಗೊತ್ತಾದ್ರೆ ಸಾಕು ಮಾರಾಯ್ತಿ."

ಮರುದಿನ ಬೆಳಗ್ಗೆಯೂ ಬೆರಳು ಮಡಚಲಿಲ್ಲ. ಹಾಲಿನ ಲೋಟವನ್ನು ನಾನೇ ಅವರ ಬಾಯಿಗೆ ಹಿಡಿದೆ. ಅರ್ಧ ಕುಡಿದು ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಎಂತ ಹೇಳ್ತವೆ?"

"ನಿನ್ನನ್ನೇ ವಿಚಾರಿಸ್ತಾ ಉಂಟು. ನಿನ್ನೆ ಕತ್ತಲಲ್ಲಿ ನಮ್ಮನ್ನು ಹೊಳೆಯಿಸಿ ತೋರಿಸಿದ್ಲಲ್ಲ ಆ ಹುಡುಗಿ, ಅವ್ಳು ಬೆಳಗ್ಗೆ ಏನಾದ್ರೂ ಕುಡಿದ್ಲಾ ಅಂತ."

ಉಳಿದ ಅರ್ಧ ಲೋಟವನ್ನು ಮೂಗು ಮುಚ್ಚಿಕೊಳ್ಳದೆ ಕುಡಿದೆ. ಎಷ್ಟು ಮುಟ್ಟುತ್ತದೆಂದು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಮುಟ್ಟಿತು.